ರಾಂಪತ್ರೆ ಮತ್ತು ಮಲೆಕುಡಿಯರ ಜೀವನೋಪಾಯ

ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಪಶ್ಚಿಮ ಘಟ್ಟದ ತಪ್ಪಲಲ್ಲಿ ಮಲೆಕುಡಿಯ ಬುಡಕಟ್ಟಿನ ಜನರು ವಾಸಿಸುತ್ತಾರೆ. ಕೃಷಿ, ಕೂಲಿಗಳ ಜೊತೆಗೆ ಜೇನು, ಸೀಗೆ, ರಾಂಪತ್ರೆಗಳಂಥ ಕಿರು ಅರಣ್ಯ ಉತ್ಪನ್ನಗಳೂ ಅವರ ಆದಾಯದ ಮೂಲಗಳು. ಕಾಡು ಬರಿದಾಗದಂತೆ ಇವುಗಳನ್ನು ಸಂಗ್ರಹಿಸಲು ಸಾಧ್ಯವೇ? ರಾಂಪತ್ರೆಯ ಉದಾಹರಣೆಯನ್ನು ನೋಡೋಣ.

ಇದು ಜಾಜಿಕಾಯಿಯ ಕುಲಕ್ಕೆ ಸೇರಿದ ಮರ. ಸಸ್ಯಶಾಸ್ತ್ರೀಯ ಹೆಸರು ಮಿರಿಸ್ಟಿಕ ಮಲಬಾರಿಕ. ಗಂಡು, ಹೆಣ್ಣು ಮರಗಳು ಬೇರೆಬೇರೆ. ಆದ್ದರಿಂದ ಎಲ್ಲ ಮರಗಳೂ ಕಾಯಿ ಬಿಡುವುದಿಲ್ಲ. ಬಲಿತ ಕಾಯಿ ತಾನೇ ಒಡೆದಾಗ ಬೀಜವನ್ನು ಸುತ್ತಿರುವ ಜಾಲರಿಯಂಥ ಪತ್ರೆ ಕಾಣುತ್ತದೆ. ಮಂಗಟ್ಟೆ ಹಕ್ಕಿಗಳು ಪತ್ರೆಯನ್ನು ತಿಂದು ಬೀಜವನ್ನು ದೂರದಲ್ಲಿ ಬೀಳಿಸುತ್ತವೆ. ಮಾರುಕಟ್ಟೆಗೆ ಬೇಕಾದುದೂ ಈ ಪತ್ರೆಯೇ.

ಬೇರೆಯವರು ಮೊದಲು ಕಿತ್ತಾರೆಂದು ಎಳೆಗಾಯಿಗಳನ್ನೇ ಕೊಯ್ದರೆ ಪತ್ರೆಯ ಗುಣಮಟ್ಟ ಕುಸಿಯುತ್ತದೆ, ಬೀಜವೂ ಮೊಳೆಯುವುದಿಲ್ಲ. ಕಾಯಿ ಒಡೆಯುವವರೆಗೆ ಕಾದು, ಒಂದು ಪಾಲನ್ನು ಹಕ್ಕಿಗಳಿಗೆ ಬಿಟ್ಟು, ಪತ್ರೆ ಬಿಡಿಸಿದ ಬೀಜವನ್ನು ಒಣಗುವ ಮೊದಲೇ ನೆರಳಿನ ತೇವದ ಮಣ್ಣಿಗೆ ಹಾಕಿದರೆ ಆದಾಯವೂ ಮರದ ಸಂತತಿಯೂ ಉಳಿಯುತ್ತವೆ.

ಆದರೆ ಕಾದವರಿಗೇ ಫಲ ಸಿಗುವ ಭರವಸೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಹಾಗೂ ಮಾರಾಟದ ಜೊತೆಗೆ ಕಾಡಿನ ರಕ್ಷಣೆಯ ಹಕ್ಕನ್ನೂ ಅರಣ್ಯವಾಸಿಗಳಿಗೆ ನೀಡಿದೆ. ಈ ಹಕ್ಕು ಕೈಗೆ ಬಂದಲ್ಲಿ, ಕಾಯಿ ಬಲಿಯುವವರೆಗೆ ಕಾಯುವುದು ಲಾಭದ ಮಾತಾಗುತ್ತದೆ.