‘ಹೀ’ ಅಂದರೆ ಯಾರು?

‘ರವಿ ಟೋಲ್ಡ್ ಸುರೇಶ್ ದಟ್ ಹೀ ಹ್ಯಾಡ್ ವನ್.’ ಗೆದ್ದದ್ದು ಯಾರು? ಇಂಗ್ಲಿಷ್ ವ್ಯಾಕರಣ ಇಬ್ಬರಿಗೂ ದಾರಿ ಬಿಡುತ್ತದೆ. ಕನ್ನಡದಲ್ಲಿ ‘ತಾನು ಗೆದ್ದೆನೆಂದು ರವಿ ಸುರೇಶನಿಗೆ ಹೇಳಿದ’ ಅಂದರೆ ಗೆದ್ದವನು ರವಿಯೇ. ‘ತಾನು’ ಮಾಡುವ ಈ ಕೆಲಸ ಒಂಟಿ ‘ಹೀ’ ಕೈಲಿ ಆಗದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರಿಗೆ ಈ ಗೊಂದಲ ಕಣ್ಣಿಗೇ ಬೀಳದೆ ಹೋಗಬಹುದು. ಅನುಮಾನ ಬಂದ ಕಡೆ ಹೆಸರನ್ನೇ ಮತ್ತೆ ಬರೆಯಿರಿ.

ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ, ‘ದ ಫಾರ್ಮರ್’, ‘ದ ಲ್ಯಾಟರ್’ ಇವೆಯಲ್ಲ ಅನ್ನಬಹುದು. ಇವೆ, ಆದರೆ ಶಿಷ್ಟ ಬಳಕೆಯಲ್ಲಿ ಎರಡೇ ಸಂಗತಿಗಳಿದ್ದಾಗ ಮಾತ್ರ. ಟೀ, ಕಾಫಿ, ಹಾಲು ಎಂದು ಮೂರಾದರೆ ಹಾಲಿಗೆ ‘ಲ್ಯಾಟರ್’ ಸಲ್ಲದು, ‘ಲಾಸ್ಟ್’ ಎನ್ನಬೇಕು. ಎರಡೇ ಇದ್ದಾಗಲೂ ಓದುವವರು ಹಿಂದಿನ ಸಾಲಿಗೆ ಹೋಗಿ, ಯಾವುದು ಮೊದಲು ಎಂದು ನೋಡಿ ಬರಬೇಕು. ‘ಕಾಫಿ’ ಎಂದೇ ಇನ್ನೊಮ್ಮೆ ಬರೆದರೆ ಆ ಓಡಾಟ ತಪ್ಪುತ್ತದೆ.