ಹಿಪ್ಪುನೇರಳೆ ಸಾಲಿನ ನಡುವೆ ದ್ವಿದಳ ಬೆಳೆ

ಅಡಿಕೆ ತೋಟದ ಮೇಲ್ಭಾಗದ ಬಯಲಿನಲ್ಲೋ, ಕಾಫಿಗೆ ಒಗ್ಗದ ಜಮೀನಿನಲ್ಲೋ ಅರ್ಧ ಎಕರೆ, ಒಂದು ಎಕರೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವ ಸಣ್ಣ ಬೆಳೆಗಾರರು ಅರೆಮಲೆನಾಡಿನಲ್ಲಿ ಇದ್ದಾರೆ. ಕಾಫಿ, ಅಡಿಕೆಗಳ ಹಣಕ್ಕೆ ಸುಗ್ಗಿಯವರೆಗೆ ಕಾಯಬೇಕು. ಗೂಡಿನ ಹಣ ಎರಡು, ಎರಡೂವರೆ ತಿಂಗಳಿಗೊಮ್ಮೆ ಕೈಸೇರುತ್ತದೆ. ಇಂಥವರು ಕೇಳುವ ಪ್ರಶ್ನೆಯೊಂದುಂಟು: ಸಾಲುಗಳ ನಡುವೆ ಬರಿದೇ ಬಿದ್ದಿರುವ ಜಾಗದಲ್ಲಿ ಅಲಸಂದೆ, ಹೆಸರು, ಉದ್ದು ಬಿತ್ತಬಹುದೆ?

ಬಿತ್ತಬಹುದು. ಆದರೆ ಕಾಳಿಗಾಗಿ ಬಿತ್ತುತ್ತೇವೆಯೋ, ಗೊಬ್ಬರಕ್ಕಾಗಿ ಬಿತ್ತುತ್ತೇವೆಯೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಎರಡೂ ಒಟ್ಟಿಗೆ ದಕ್ಕುತ್ತವೆಂದು ನಂಬಿದರೆ ಲೆಕ್ಕ ತಪ್ಪುತ್ತದೆ.

ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಕೊಡುತ್ತವೆ ಎಂಬ ಮಾತು ಅರ್ಧ ಸತ್ಯ. ಬೇರುಗಂಟಿನಲ್ಲಿರುವ ಜೀವಾಣುಗಳು ಹಿಡಿದ ಸಾರಜನಕ ಮೊದಲು ಹೋಗುವುದು ಆ ಗಿಡಕ್ಕೇ. ಆಮೇಲೆ ಅದರ ಕಾಳಿಗೆ. ಗಿಡ ಜೀವಂತವಾಗಿರುವಾಗ ಪಕ್ಕದ ಹಿಪ್ಪುನೇರಳೆಗೆ ದೊರೆಯುವುದು ಅತ್ಯಲ್ಪ. ದ್ವಿದಳ ಗಿಡದ ಸೊಪ್ಪು, ಕಾಂಡ, ಬೇರು ಮಣ್ಣಿನಲ್ಲಿ ಕೊಳೆತಾಗಲೇ ನೆರೆಯ ಬೆಳೆಗೆ ಅದರ ಪಾಲು ಸಿಗುವುದು. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲವಾಣವೂ ದ್ವಿದಳ ಜಾತಿಯ ಮರವೇ. ಮರಗಸಿ ಮಾಡಿದ ಸೊಪ್ಪನ್ನು ಗಿಡಗಳ ಬುಡದಲ್ಲಿ ಕೊಳೆಯಲು ಬಿಡುವುದರಿಂದಲ್ಲವೆ ತೋಟಕ್ಕೆ ಅದರ ಗೊಬ್ಬರ ದೊರೆಯುವುದು? ಕಾಳನ್ನು ಮನೆಗೊಯ್ದು, ಹೊಟ್ಟನ್ನು ದನಕ್ಕೆ ಹಾಕಿದ ಮೇಲೆ ಭೂಮಿಯಲ್ಲಿ ಉಳಿಯುವುದು ಬೇರು ಮತ್ತು ಉದುರಿದ ಎಲೆ ಮಾತ್ರ.

ಈಗ ಲೆಕ್ಕ ನೋಡೋಣ. ನೀರಾವರಿಯ ವಿ-1 ತಳಿಯ ಹಿಪ್ಪುನೇರಳೆಗೆ ವರ್ಷಕ್ಕೆ ಹೆಕ್ಟೇರಿಗೆ 350 ಕಿಲೋ ಸಾರಜನಕ, 140 ಕಿಲೋ ರಂಜಕ, 140 ಕಿಲೋ ಪೊಟ್ಯಾಷ್ ಶಿಫಾರಸು. ವರ್ಷಕ್ಕೆ ಐದು ಬೆಳೆ ಎಂದರೆ ಎಕರೆಗೆ ಪ್ರತಿ ಬೆಳೆಗೆ ಸುಮಾರು 28 ಕಿಲೋ ಸಾರಜನಕವಾಯಿತು. ಅಪ್ಸೆಣಬು ಅಥವಾ ಅಲಸಂದೆಯ ಒಂದು ಟನ್ ಹಸಿ ಸೊಪ್ಪಿನಲ್ಲಿರುವ ಸಾರಜನಕ ಸುಮಾರು 4–5 ಕಿಲೋ. ಸಾಲಿನ ನಡುವೆ ಎರಡು ಟನ್ ಸೊಪ್ಪು ಬೆಳೆದು ಮಣ್ಣಿಗೆ ಸೇರಿಸಿದರೂ ಒಂದು ಬೆಳೆಯ ಬೇಡಿಕೆಯಲ್ಲಿ ಮೂರನೆಯ ಒಂದು ಪಾಲನ್ನು ಮುಟ್ಟಬಹುದು. ಅದೂ ಒಮ್ಮೆಗೇ ದೊರೆಯದು, ಕೊಳೆತಂತೆಲ್ಲ ದೊರೆಯುತ್ತದೆ. ಯೂರಿಯಾ ಚೀಲವನ್ನು ಪೂರ್ತಿ ಬಿಟ್ಟುಬಿಡಬಹುದೆಂಬ ಆಸೆ ಬೇಡ. ಆದರೆ ಮಣ್ಣು ಸಡಿಲವಾಗುವುದು, ತೇವ ನಿಲ್ಲುವುದು, ಕಳೆ ಅಡಗುವುದು, ಇವು ಈ ಲೆಕ್ಕದ ಹೊರಗಿನ ಲಾಭಗಳು. ನಮ್ಮ ದೃಷ್ಟಿಯಲ್ಲಿ ಇವೇ ದೊಡ್ಡವು.

ಬಿತ್ತನೆಯ ಕಾಲ ಒಂದೇ: ಬುಡ ಕಟಾವು ಮಾಡಿದ ವಾರದೊಳಗೆ. ಆಗ ಹಿಪ್ಪುನೇರಳೆ ಮೋಟಾಗಿರುತ್ತದೆ, ಬಿಸಿಲು ನೆಲಕ್ಕೆ ಬೀಳುತ್ತದೆ. ಮೂರಡಿ ಚೌಕದ ನಾಟಿಯಲ್ಲಿ ನಡುವೆ ಒಂದೇ ಸಾಲು ಸಾಕು. ಮೂರಡಿ, ಐದಡಿ ಅಂತರದ ಜೋಡಿಸಾಲು ಪದ್ಧತಿಯಲ್ಲಿ ಐದಡಿಯ ಓಣಿಯಲ್ಲಿ ಎರಡು ಮೂರು ಸಾಲು ಹಿಡಿಸುತ್ತವೆ. ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 40–45 ದಿನಕ್ಕೆ, ಕೊಯ್ದು ಮಣ್ಣಿಗೆ ಸೇರಿಸಬೇಕು. ತಡಮಾಡಿದರೆ ಕಾಂಡ ನಾರಾಗಿ ಕೊಳೆಯಲು ಸತಾಯಿಸುತ್ತದೆ. ಅಷ್ಟೇ ಅಲ್ಲ, ನೀರಿಗೂ ಪೈಪೋಟಿ ಬೀಳುತ್ತದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ತಿನ್ನುವುದು ನಾಲ್ಕನೆಯ ಜ್ವರ ಎದ್ದ ಮೇಲೆ. ಆ ದಿನಗಳಲ್ಲಿ ಸೊಪ್ಪು ಕಡಿಮೆಯಾದರೆ ಅಥವಾ ಒರಟಾದರೆ ಗೂಡು ತೆಳುವಾಗುತ್ತದೆ. ನಾಲ್ಕು ಸೇರು ಹೆಸರುಕಾಳು ಆ ನಷ್ಟವನ್ನು ತುಂಬಲಾರದು. ಮಳೆಯಾಶ್ರಯದ ತೋಟದವರು ಮಳೆ ಹಿಡಿದ ತಿಂಗಳುಗಳಲ್ಲಿ ಮಾತ್ರ ಇದಕ್ಕೆ ಕೈಹಾಕಬೇಕು.

ಬಳ್ಳಿ ಹಬ್ಬುವ ಅವರೆ, ನಾಡು ಅಲಸಂದೆ ಬೇಡ. ಹಿಪ್ಪುನೇರಳೆಯನ್ನೇ ಚಪ್ಪರ ಮಾಡಿಕೊಳ್ಳುತ್ತವೆ. ಪೊದೆಯಾಗಿ ಬೆಳೆಯುವ ಅಲಸಂದೆ, ಹೆಸರು, ಉದ್ದು ಲೇಸು. ಬೀನ್ಸ್ ಹಾಕಿದರೆ ಸಂತೆಗೆ ಕಾಯಿ ಸಿಗಬಹುದು, ಆದರೆ ಸಾರಜನಕ ಹಿಡಿಯುವುದರಲ್ಲಿ ಅದು ಹಿಂದೆ. ಬರೀ ಗೊಬ್ಬರಕ್ಕಾದರೆ ಅಪ್ಸೆಣಬನ್ನು ಮೀರಿದ್ದಿಲ್ಲ. ಬೇರುಗಂಟು ರೋಗದ ಜಂತುಹುಳುವನ್ನೂ ಅದು ತಗ್ಗಿಸುತ್ತದೆ. ಅಲಸಂದೆಯಾದರೋ ಆ ಜಂತುಹುಳುವಿಗೆ ಆಹಾರ, ಹಿಪ್ಪುನೇರಳೆಯೂ ಹಾಗೆಯೇ. ಆದುದರಿಂದ ಒಂದು ತಿಂಗಳಾದಾಗ ನಾಲ್ಕಾರು ಗಿಡ ಕಿತ್ತು ಬೇರು ನೋಡಬೇಕು. ಒಳ್ಳೆಯ ಗಂಟು ಬೇರಿನ ಪಕ್ಕದಲ್ಲಿ ಅಂಟಿಕೊಂಡಿದ್ದು ಬೆರಳಿನಿಂದ ಉಜ್ಜಿದರೆ ಉದುರುತ್ತದೆ, ಸೀಳಿದರೆ ಒಳಗೆ ಕೆಂಪು ಛಾಯೆ ಇರುತ್ತದೆ. ಜಂತುಹುಳುವಿನ ಗಂಟೆಂದರೆ ಬೇರೇ ಊದಿಕೊಂಡದ್ದು, ಉಜ್ಜಿದರೆ ಬಿಡುವುದಿಲ್ಲ. ಒಳ್ಳೆಯ ಗಂಟೇ ಕಾಣದಿದ್ದರೆ ಎರಡು ಕಾರಣ ಹುಡುಕಬೇಕು. ಒಂದು, ನಮ್ಮ ಕಡೆಯ ಹುಳಿಮಣ್ಣು. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿದರೆ ಹಿಪ್ಪುನೇರಳೆಗೂ ಹಿತ. ಇನ್ನೊಂದು, ಯೂರಿಯಾ ಎರಚಿದ್ದು. ಸಾರಜನಕ ಪುಕ್ಕಟೆ ಸಿಗುವಾಗ ದ್ವಿದಳ ಗಿಡವೂ ಸೋಮಾರಿಯಾಗುತ್ತದೆ. ಯೂರಿಯಾವನ್ನು ಹಿಪ್ಪುನೇರಳೆಯ ಬುಡಕ್ಕೇ ಕೊಟ್ಟು ಮಣ್ಣು ಮುಚ್ಚಬೇಕು, ಓಣಿಗೆ ಚೆಲ್ಲಬಾರದು.

ಇನ್ನು ನಿಜವಾದ ಅಪಾಯದ ಮಾತು. ಅಲಸಂದೆಗೆ ಹೇನು ಬರುತ್ತದೆ, ಕಾಯಿಕೊರಕ ಬರುತ್ತದೆ. ಕಂಬಳಿ ಹುಳುವಂತೂ ದ್ವಿದಳವನ್ನೂ ಹಿಪ್ಪುನೇರಳೆಯನ್ನೂ ಒಂದೇ ಪಂಕ್ತಿಯಲ್ಲಿ ತಿನ್ನುತ್ತದೆ. ಕಾಳಿನ ಆಸೆಗೆ ಬಿತ್ತಿದವರ ಕೈ ಆಗ ತಾನಾಗಿ ಪಂಪಿನ ಕಡೆ ಹೋಗುತ್ತದೆ. ರೇಷ್ಮೆ ಹುಳುವೂ ಒಂದು ಕಂಬಳಿ ಹುಳುವಿನ ನೆಂಟನೇ ಎಂಬುದನ್ನು ಮರೆಯಬಾರದು. ಇಮಿಡಾಕ್ಲೋಪ್ರಿಡ್‌ನಂಥ, ಗಿಡದ ರಸದಲ್ಲಿ ಓಡಾಡುವ ಔಷಧ ಹಿಪ್ಪುನೇರಳೆ ಎಲೆಗೆ ಸಿಡಿದರೆ ತೊಳೆದರೂ ಹೋಗುವುದಿಲ್ಲ.

‘ಜೈವಿಕ’ ಎಂಬ ಚೀಟಿ ನೋಡಿ ಧೈರ್ಯಪಡುವುದೂ ಸಲ್ಲದು. ಕಾಯಿಕೊರಕಕ್ಕೆ ಮಾರುವ ಬಿ.ಟಿ. ಪುಡಿಯ ಜೀವಾಣುವನ್ನು 1901ರಲ್ಲಿ ಜಪಾನಿನ ಇಶಿವಾಟ ಎಂಬ ವಿಜ್ಞಾನಿ ಮೊದಲು ಬೇರ್ಪಡಿಸಿದ್ದೇ ಸತ್ತ ರೇಷ್ಮೆ ಹುಳುಗಳಿಂದ. ಕಾಫಿ ಬೆಳೆಗಾರರು ಕಾಯಿಕೊರಕಕ್ಕೆ ಸಿಂಪಡಿಸುವ ಬ್ಯುವೇರಿಯ ಬಾಸಿಯಾನ ಶಿಲೀಂಧ್ರವೇ ರೇಷ್ಮೆ ಹುಳುವಿನ ಸುಣ್ಣಕಟ್ಟು ರೋಗಕ್ಕೂ ಕಾರಣ. ಇಟಲಿಯ ಬಾಸಿ 1835ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಶಿಲೀಂಧ್ರದ ಹೆಸರಿನಲ್ಲಿ ಆತನ ಹೆಸರು ಉಳಿದಿದೆ. ಒಂದೇ ಮನೆಯಲ್ಲಿ ಕಾಫಿ, ಹುಳು ಎರಡೂ ಇದ್ದರೆ ಬ್ಯುವೇರಿಯ ಸಿಂಪಡಿಸಿದ ಪಂಪು, ಬಟ್ಟೆ, ಆಳು ಯಾವುದೂ ಹುಳುಮನೆಯ ಹತ್ತಿರ ಸುಳಿಯಬಾರದು. ಬೋರ್ಡೋ ಹೊಡೆಯುವ ದಿನ ಗಾಳಿ ಹಿಪ್ಪುನೇರಳೆಯ ಕಡೆ ಬೀಸುತ್ತಿದ್ದರೆ ಆ ಅಂಚಿನ ಸೊಪ್ಪನ್ನು ಬಿಟ್ಟುಬಿಡುವುದೇ ಕ್ಷೇಮ.

ಗೊಬ್ಬರಕ್ಕೆಂದು ಬಿತ್ತಿದ ಬೆಳೆಯಲ್ಲಿ ಈ ತಾಪತ್ರಯ ಕಡಿಮೆ. ಹೇನು ಹತ್ತಿದರೆ ಎರಡು ವಾರ ಮೊದಲೇ ಕೊಯ್ದು ಮುಚ್ಚಿದರಾಯಿತು. ಕಂಬಳಿ ಹುಳುವಿನ ಮರಿಗಳು ಎಲೆಯಡಿ ಗುಂಪಾಗಿರುವಾಗಲೇ ಆ ಎಲೆಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಬಹುದು. ಕಾಳು ಬೇಕೇ ಬೇಕೆನ್ನುವವರು ತೋಟದ ಒಂದು ಮೂಲೆಯಲ್ಲಿ, ಹಿಪ್ಪುನೇರಳೆಯಿಂದ ದೂರ, ನಾಲ್ಕು ಗುಂಟೆ ಬೇರೆಯಾಗಿ ಬಿತ್ತಿಕೊಳ್ಳಲಿ ಎಂಬುದೇ ನಮ್ಮ ಸಲಹೆ.

ಪಕ್ಕದ ಹೊಲದವರು ಏನು ಹೊಡೆದರೆಂದು ತಿಳಿಯದೆ ಅನುಮಾನ ಬಂದಾಗ, ಆ ಅಂಚಿನ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುಗಳಿಗೆ ಬೇರೆ ತಟ್ಟೆಯಲ್ಲಿ ಹಾಕಿ ಒಂದು ದಿನ ನೋಡಿ. ಮೇವು ಬಿಟ್ಟು ತಲೆಯೆತ್ತಿ ಒದ್ದಾಡಿದರೆ, ಹಸಿರು ನೀರು ಕಕ್ಕಿದರೆ, ಆ ಸೊಪ್ಪು ಹುಳುಮನೆಗೆ ಹೋಗಬಾರದು.