ಕಲಿತ ಕೈಗಳು ಸಲೂನಿನಲ್ಲಿ ಉಳಿಯಬೇಕಾದರೆ

ಬ್ಯೂಟಿ ಪಾರ್ಲರ್, ಸಲೂನ್ ನಡೆಸುವವರನ್ನು ಮಾತಿಗೆ ಎಳೆದರೆ ಬಾಡಿಗೆ, ಕರೆಂಟು ಬಿಲ್ಲಿನ ನಂತರ ಬರುವ ದೂರು ಒಂದೇ: "ಕಷ್ಟಪಟ್ಟು ಕಲಿಸ್ತೀವಿ, ಕಲಿತ ಮೇಲೆ ಪಕ್ಕದ ರಸ್ತೆಗೆ ಹೋಗಿಬಿಡ್ತಾರೆ." ಈ ಭಯಕ್ಕೆ ಆಧಾರವಿದೆ. ಒಂದು ಕುರ್ಚಿ, ಕನ್ನಡಿ, ನಾಲ್ಕು ಸಲಕರಣೆ, ಪರಿಚಯದ ಹತ್ತಿಪ್ಪತ್ತು ಗಿರಾಕಿಗಳಿದ್ದರೆ ಹೊಸ ಅಂಗಡಿ ತೆರೆದುಕೊಳ್ಳುತ್ತದೆ. ಆದರೆ ಆ ಭಯದಿಂದ ಅರ್ಧಂಬರ್ಧ ಕಲಿಸುವ ಅಂಗಡಿಯ ಪಾಡು ಇನ್ನೂ ಕೆಟ್ಟದ್ದು. ಸೀನಿಯರ್ ರಜೆ ಹಾಕಿದ ದಿನ ಬಂದ ಗಿರಾಕಿ ವಾಪಸು ಹೋಗುತ್ತಾರೆ, ಉಳಿದವರು ಕೈಕಟ್ಟಿ ಕೂರುತ್ತಾರೆ. ಜನ ಬಿಟ್ಟು ಹೋಗುವುದಕ್ಕೆ ಕಲಿಕೆ ಕಾರಣವಾಗುವುದು ಕಡಿಮೆ. ಮುಂದೇನು ಎಂಬುದು ಗೊತ್ತಾಗದಿರುವುದು, ಸಂಬಳದ ಲೆಕ್ಕ ಅರ್ಥವಾಗದಿರುವುದು ಹೆಚ್ಚಿನವರನ್ನು ಓಡಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಹುಡುಗಿ ಸೇರಿದ ದಿನ "ಅಕ್ಕ ಮಾಡೋದನ್ನ ನೋಡ್ಕೊಂಡು ಕಲಿ" ಎಂದು ಬಿಡುವುದು ನಮ್ಮಲ್ಲಿ ರೂಢಿ. ನೋಡಿ ಕಲಿಯುವುದು ಬೇಕು, ಆದರೆ ಅದಕ್ಕೊಂದು ಮೆಟ್ಟಿಲಿರಬೇಕು. ಮೊದಲು ಸ್ವಚ್ಛತೆ, ಟವೆಲ್, ಶಾಂಪೂ, ತಲೆ ಮಸಾಜ್. ಆಮೇಲೆ ಥ್ರೆಡಿಂಗ್, ವ್ಯಾಕ್ಸಿಂಗ್. ಅದಾದ ಮೇಲೆ ಫೇಶಿಯಲ್, ನಂತರ ಕಟಿಂಗ್, ಕಲರ್. ಬ್ರೈಡಲ್ ಮೇಕಪ್ ಕೊನೆಗೆ. ಥ್ರೆಡಿಂಗ್ ದಾರವನ್ನು ಮೊದಲು ತನ್ನ ಕಾಲಿನ ಕೂದಲ ಮೇಲೆ ಆಡಿಸಬೇಕು, ಕತ್ತರಿಯನ್ನು ಡಮ್ಮಿ ತಲೆಯ ಮೇಲೆ. ಆಮೇಲೆ ಮನೆಯವರು, ಗೆಳತಿಯರು. ದುಡ್ಡು ಕೊಡುವ ಗಿರಾಕಿ ಕೊನೆಯ ಸರದಿ. ಯಾವ ಮೆಟ್ಟಿಲು ದಾಟಿದರೆ ಸಂಬಳ ಎಷ್ಟು ಏರುತ್ತದೆ ಎಂಬುದನ್ನು ಬರೆದು ಗೋಡೆಗೆ ಅಂಟಿಸಿಬಿಡಿ. ಬೆಂಗಳೂರಿನ ಸಲೂನ್‌ಗಳಲ್ಲಿ ಈಶಾನ್ಯ ರಾಜ್ಯಗಳಿಂದ, ಉತ್ತರ ಭಾರತದಿಂದ ಬಂದವರು ಬಹಳ ಮಂದಿ. ಅವರಿಗೆ ಗಿರಾಕಿಯೊಡನೆ ಆಡಬೇಕಾದ ಕನ್ನಡವನ್ನು ಕಲಿಸುವುದೂ ತರಬೇತಿಯ ಭಾಗವೇ.

ರಾಸಾಯನಿಕ ಬಳಸುವ ಕೆಲಸವನ್ನು ಮಾತ್ರ ನೋಡಿ ಕಲಿಯಲು ಬಿಡಬಾರದು. ಡೆವಲಪರ್ ಬಾಟಲಿಯ ಮೇಲಿನ 10 ವಾಲ್ಯೂಮ್ ಎಂದರೆ ಶೇ. 3 ಹೈಡ್ರೋಜನ್ ಪೆರಾಕ್ಸೈಡ್, 20 ಎಂದರೆ ಶೇ. 6, 30ಕ್ಕೆ ಶೇ. 9, 40ಕ್ಕೆ ಶೇ. 12. ಈ ಲೆಕ್ಕ ಗೊತ್ತಿಲ್ಲದವರು ಬಣ್ಣ ಬೇಗ ಹಿಡಿಯಲೆಂದು ಹೆಚ್ಚಿನ ವಾಲ್ಯೂಮ್ ಹಾಕಿ ನೆತ್ತಿ ಸುಟ್ಟುಬಿಡುತ್ತಾರೆ. ಹಲವು ಕಪ್ಪು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಹೀಗಾಗಿ 48 ಗಂಟೆ ಮೊದಲೇ ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಯಲ್ಲಿ ಪ್ಯಾಚ್ ಟೆಸ್ಟ್ ಮಾಡಬೇಕು. 'ಕಪ್ಪು ಮೆಹಂದಿ' ಹಚ್ಚಿಸಿಕೊಂಡಾಗ ಚರ್ಮ ಉರಿದಿತ್ತೇ ಎಂದೂ ಕೇಳಬೇಕು, ಏಕೆಂದರೆ ಅದರಲ್ಲೂ ಪಿಪಿಡಿ ಬೆರೆಸಿರುವುದುಂಟು. ಬಾಚಣಿಗೆ, ಬ್ರಶ್‌ಗಳ ಕೂದಲು ತೆಗೆದು, ಸೋಪಿನಲ್ಲಿ ತೊಳೆದು, ಆಮೇಲೆ ಸೋಂಕುನಾಶಕದಲ್ಲಿ ಮುಳುಗಿಸಿಡಬೇಕು. ಕೊಳೆಯ ಮೇಲೆ ಸೋಂಕುನಾಶಕ ಸರಿಯಾಗಿ ಕೆಲಸ ಮಾಡದು. ಬ್ಲೇಡ್ ಒಬ್ಬರಿಗೆ ಒಂದೇ. ಈ ವಿಷಯದಲ್ಲಿ "ಹೊಸಬಳು, ಗೊತ್ತಿರಲಿಲ್ಲ" ಎಂಬ ಉತ್ತರವನ್ನು ಯಾವ ಮಾಲೀಕರೂ ಒಪ್ಪಬಾರದು. ಗೊತ್ತುಮಾಡಿಸುವ ಹೊಣೆ ಅವರದ್ದೇ.

ಕಲಿಸುವವರು ಯಾರು ಎಂಬಲ್ಲಿಗೆ ಬಂದಾಗ ನಿಜವಾದ ತೊಡಕು ಎದುರಾಗುತ್ತದೆ. ಸೀನಿಯರ್ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಯಾಕೆ ಕೊಡಬೇಕು? ಕಲಿಸುವ ಆ ಒಂದು ಗಂಟೆ ಅವರ ಕಮಿಷನ್ ಹೋಗುತ್ತದೆ, ಕಲಿತ ಜೂನಿಯರ್ ನಾಳೆ ಅವರ ಗಿರಾಕಿಯನ್ನೇ ಹಂಚಿಕೊಳ್ಳುತ್ತಾಳೆ. ಇದಕ್ಕೆ ಪರಿಹಾರ ಬುದ್ಧಿವಾದ ಹೇಳುವುದರಲ್ಲಿಲ್ಲ. ಕಲಿಸುವ ಗಂಟೆಗೆ ಬೇರೆ ಭತ್ಯೆ ಕೊಡಬೇಕು. ತಾನು ತಯಾರು ಮಾಡಿದ ಜೂನಿಯರ್ ಮೊದಲ ಕೆಲವು ತಿಂಗಳು ತರುವ ವ್ಯವಹಾರದಲ್ಲಿ ಸೀನಿಯರ್‌ಗೆ ಸಣ್ಣ ಪಾಲು ಸಿಗಬೇಕು. ಜೊತೆಗೆ ಪ್ರತಿ ಗಿರಾಕಿಗೂ ಅಂಗಡಿಯಲ್ಲಿ ಒಂದು ಕಾರ್ಡ್ ಇರಲಿ: ಯಾವ ಶೇಡ್ ನಂಬರ್, ಯಾವ ಡೆವಲಪರ್, ಎಷ್ಟು ನಿಮಿಷ, ಅಲರ್ಜಿ ಇದೆಯೇ. ಒಬ್ಬರ ತಲೆಯಲ್ಲಿದ್ದ ವಿದ್ಯೆ ಆಗ ಅಂಗಡಿಯ ದಾಖಲೆಗೆ ಬರುತ್ತದೆ. ಅವರಿಲ್ಲದ ದಿನವೂ ಗಿರಾಕಿಗೆ ಅದೇ ಬಣ್ಣ ಸಿಗುತ್ತದೆ. ಅಪಾಯಿಂಟ್‌ಮೆಂಟ್ ಕೂಡ ಸ್ಟಾಫ್‌ನ ಸ್ವಂತ ಮೊಬೈಲಿಗೆ ಬರದೆ ಅಂಗಡಿಯ ನಂಬರಿಗೇ ಬರಲಿ.

ಯಾವಾಗ ಕಲಿಸುವುದು? ಅಂಗಡಿ ಮುಚ್ಚಿದ ಮೇಲೆ ರಾತ್ರಿ ಒಂಬತ್ತಕ್ಕೆ ಖಂಡಿತ ಬೇಡ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿದೆ. ಅದರಾಚೆ ದುಡಿಸಿದರೆ ದುಪ್ಪಟ್ಟು ಕೂಲಿ. ಮಾಲೀಕರು ಹೇಳಿ ನಡೆಸುವ ತರಬೇತಿಯನ್ನೂ ಕೆಲಸವೆಂದೇ ಎಣಿಸಬೇಕು. ಶನಿವಾರ, ಭಾನುವಾರ ನಿಲ್ಲಲೂ ಜಾಗವಿರುವುದಿಲ್ಲ, ಮಂಗಳವಾರ ನಮ್ಮ ಕಡೆ ಬಹಳ ಜನ ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ. ಮಂಗಳವಾರ ತೆರೆದಿರುವ ಅಂಗಡಿಗೆ ಅಂದಿನ ಬೆಳಗ್ಗೆ ಎರಡು ಗಂಟೆ ಕಲಿಕೆಗೆ ತಾನಾಗಿ ಸಿಗುತ್ತದೆ. ವರ್ಷದಲ್ಲಿ ಆಷಾಢ, ಧನುರ್ಮಾಸಗಳಲ್ಲಿ ಮದುವೆಗಳಿಲ್ಲ, ಬ್ರೈಡಲ್ ಕೆಲಸ ಇಳಿಯುತ್ತದೆ. ಹೊರಗಿನ ಕೋರ್ಸಿಗೆ ಕಳಿಸುವುದಿದ್ದರೆ ಆಗ ಕಳಿಸಿ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಗಿರಾಕಿಗಳು ಮುಗಿಬೀಳುವ ಹೊತ್ತಿಗೆ ಕಲಿತವರು ತಯಾರಿರುತ್ತಾರೆ.

ಕತ್ತರಿ ಹಿಡಿಯುವವರಿಗೆ ವ್ಯವಹಾರದ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು. ಉದಾಹರಣೆಗೆ ತಿಂಗಳಿಗೆ 18,000 ರೂಪಾಯಿ ಸಂಬಳ, 26 ದಿನ, ದಿನಕ್ಕೆ 8 ಗಂಟೆ ಕೆಲಸ ಎಂದುಕೊಳ್ಳಿ. ಒಟ್ಟು 208 ಗಂಟೆ, ಗಂಟೆಗೆ ಸುಮಾರು 87 ರೂಪಾಯಿ. ಆದರೆ ಗಿರಾಕಿ ಕುರ್ಚಿಯಲ್ಲಿರುವುದು ಅದರಲ್ಲಿ ಅರ್ಧ ಸಮಯ ಮಾತ್ರವಾದರೆ ನಿಜವಾದ ಖರ್ಚು ಗಂಟೆಗೆ 173 ರೂಪಾಯಿ ಆಗುತ್ತದೆ. ಒಂದೂವರೆ ಗಂಟೆಯ ಕಲರ್ ಕೆಲಸಕ್ಕೆ ಕೂಲಿಯೇ 260 ರೂಪಾಯಿ. ಇದಕ್ಕೆ ಟ್ಯೂಬ್, ಬಾಡಿಗೆ, ನೀರು, ಕರೆಂಟು ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಯ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಅವಕಾಶವಿಲ್ಲ. ಅದೂ ಖರ್ಚಿನಲ್ಲೇ ಸೇರಿತು. ಈ ಲೆಕ್ಕವನ್ನು ಒಮ್ಮೆ ಎಲ್ಲರೆದುರು ಮಾಡಿ ತೋರಿಸಿದರೆ, ಅರ್ಧ ಟ್ಯೂಬ್ ಸಾಕಾದಲ್ಲಿ ಪೂರ್ತಿ ಹಿಂಡುವುದು ತಾನಾಗಿ ನಿಲ್ಲುತ್ತದೆ. ಖಾಲಿ ಕೂತಾಗ ಹಳೆಯ ಗಿರಾಕಿಗೆ ಫೋನ್ ಮಾಡುವುದು ಯಾಕೆ ಬೇಕೆಂಬುದೂ ತಿಳಿಯುತ್ತದೆ.

ಸಂಬಳದ ಮೂರರಷ್ಟು ವ್ಯವಹಾರ ತಂದ ಮೇಲೆ, ಹೆಚ್ಚಿನದಕ್ಕೆ ಶೇಕಡಾ ಇಷ್ಟು ಎಂಬ ಕಮಿಷನ್ ಪದ್ಧತಿ ಹಲವು ಕಡೆ ಇದೆ. ಅದೊಂದೇ ಇದ್ದರೆ ಸೀನಿಯರ್‌ಗಳು ದೊಡ್ಡ ಬಿಲ್ಲಿನ ಗಿರಾಕಿಗಾಗಿ ಕಿತ್ತಾಡುತ್ತಾರೆ, ತಲೆ ತೊಳೆದ ಹೆಲ್ಪರ್‌ಗೆ ಏನೂ ಸಿಗುವುದಿಲ್ಲ. ಒಂದು ಭಾಗವನ್ನು ಇಡೀ ತಂಡಕ್ಕೆ ಇಡಿ, ಮರಳಿ ಬಂದ ಗಿರಾಕಿಗಳ ಸಂಖ್ಯೆಗೂ ಬೆಲೆ ಕೊಡಿ. ಟಿಪ್ಸ್ ಯಾರದ್ದು ಎಂಬುದನ್ನು ಮೊದಲ ದಿನವೇ ಹೇಳಿಬಿಡಿ.

ಹತ್ತು ಜನ ಸ್ಟಾಫ್ ಆದರೆ ಇಎಸ್‌ಐ ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ ಮಾಲೀಕರಿಂದ ಶೇ. 3.25, ನೌಕರರಿಂದ ಶೇ. 0.75. ಅಷ್ಟೇ ಸಂಖ್ಯೆಗೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಆಂತರಿಕ ಸಮಿತಿಯೂ ಬೇಕು. ಹತ್ತಕ್ಕಿಂತ ಕಡಿಮೆಯಿದ್ದಲ್ಲಿ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯ. ಗಿರಾಕಿ ಕೈಮೀರಿ ವರ್ತಿಸಿದರೆ ಹುಡುಗಿ ಕೆಲಸ ನಿಲ್ಲಿಸಿ ಹೊರಬರಬಹುದು ಎಂಬುದನ್ನು ತರಬೇತಿಯಲ್ಲೇ ಬಾಯಿಬಿಟ್ಟು ಹೇಳಬೇಕು.

ಹೊರಗೆ ಕಲಿಯಲು ದಾರಿಗಳಿವೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಯಲ್ಲಿ ಬಂದ ಆರ್‌ಸೆಟಿಗಳು ಬ್ಯೂಟಿ ಪಾರ್ಲರ್ ನಿರ್ವಹಣೆಯ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತವೆ. ಅಂಗಡಿ ನಡೆಸುವ ಲೆಕ್ಕಪತ್ರ, ಬ್ಯಾಂಕ್ ಸಾಲವೂ ಅಲ್ಲಿ ಪಾಠದ ಭಾಗ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಕೋರ್ಸು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಇದೆ: ತರಬೇತಿಯ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ.

ಇಷ್ಟಾದರೂ ಕೆಲವರು ಹೋಗುತ್ತಾರೆ. "ಬಿಟ್ಟ ಮೇಲೆ ಎರಡು ವರ್ಷ ಈ ಊರಲ್ಲಿ ಅಂಗಡಿ ಹಾಕಬಾರದು" ಎಂದು ಬರೆಸಿಕೊಂಡ ಕಾಗದ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲುವುದಿಲ್ಲ. ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವುದು ಅನ್ಯಾಯ. ಹೊರಗಿನ ಕೋರ್ಸಿಗೆ ನೀವು ದುಡ್ಡು ಕಟ್ಟಿದ್ದರೆ, ಇಷ್ಟು ತಿಂಗಳು ಇಲ್ಲೇ ದುಡಿಯುತ್ತೇನೆ, ಮಧ್ಯೆ ಬಿಟ್ಟರೆ ಉಳಿದ ಪಾಲು ಹಿಂತಿರುಗಿಸುತ್ತೇನೆ ಎಂಬ ಮಿತವಾದ ಒಪ್ಪಂದವನ್ನು ಕಳಿಸುವ ಮೊದಲೇ ಮಾಡಿಕೊಳ್ಳಿ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಅದರ ಜೊತೆಗೆ ಏನೇನು ಕಲಿತಿದ್ದಾರೆಂದು ವಿವರವಾಗಿ ಬರೆದ ಅನುಭವ ಪತ್ರವನ್ನೂ ಕೊಡಿ. ಮುಂದಿನ ಸಲ ಕೆಲಸಕ್ಕೆ ಜನ ಬೇಕೆಂದಾಗ, ಹಾಗೆ ಹೋದವರೇ ತಮ್ಮ ತಂಗಿಯನ್ನೋ ಗೆಳತಿಯನ್ನೋ ನಿಮ್ಮಲ್ಲಿಗೆ ಕಳಿಸುತ್ತಾರೆ.